ನೀಲವ್ವನ ತಲೆ ಯಾವ ದಿಕ್ಕಿಗೆ

ನಿವೃತ್ತಿಯ ದಿನ ನನಗೆ ಶಾಲು ಹೊದಿಸಿ, ಹಾರ ಹಾಕಿ, ಒಂದು ಗೋಡೆ ಗಡಿಯಾರ ಕೊಟ್ಟರು. ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋಗುವ ಅಗತ್ಯ ಮುಗಿದ ದಿನವೇ ಗಡಿಯಾರ ಕೊಡುವ ಪದ್ಧತಿಯನ್ನು ಯಾರು ಕಂಡುಹಿಡಿದರೋ, ಅವರ ಬುದ್ಧಿಗೊಂದು ನಮಸ್ಕಾರ. ಗದಗಿನ ನಮ್ಮ ಸ್ಕ್ಯಾನಿಂಗ್ ಸೆಂಟರಿನ ಮಾಲೀಕರು ಭಾಷಣ ಮಾಡಿ, ಕಸ್ತೂರಕ್ಕ ಇಷ್ಟು ವರ್ಷ ಜನರ ತಲೆಯೊಳಗೆ ಏನಿದೆ ಅಂತ ನೋಡಿದವರು ಎಂದು ಹೊಗಳಿದರು. ಅದು ಶುದ್ಧ ಸುಳ್ಳು. ತಲೆಯೊಳಗೆ ಏನಿದೆ ಎಂದು ನೋಡುವವರು ಡಾಕ್ಟರು. ತಲೆ ನೆಟ್ಟಗಿದೆಯೋ ಇಲ್ಲವೋ ಎಂದು ನೋಡುವುದಷ್ಟೇ ನನ್ನ ಪಾಲಿಗೆ ಬಂದದ್ದು. ಈಗ ಈ ಕೆಲಸಕ್ಕೆ ಹೊಸಬರು ಬರುತ್ತಿದ್ದಾರೆ. ಯಂತ್ರದ ಬಗ್ಗೆ ಅವರಿಗೆ ಕಾಲೇಜಿನಲ್ಲಿ ಎಲ್ಲವನ್ನೂ ಕಲಿಸಿರುತ್ತಾರೆ. ಅದರೊಳಗೆ ಮಲಗುವ ಮನುಷ್ಯರ ಬಗ್ಗೆ ಯಾರೂ ಏನೂ ಹೇಳಿರುವುದಿಲ್ಲ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಕೆಲಸ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಒಬ್ಬರ ಮಿದುಳಿನ ಹಳೆಯ ಚಿತ್ರವನ್ನೂ ಹೊಸ ಚಿತ್ರವನ್ನೂ ಒಂದರ ಮೇಲೊಂದು ಸರಿಯಾಗಿ ಕೂರಿಸಿ ಕೊಡಬೇಕು. ಗಡ್ಡೆ ಬೆಳೆದಿದೆಯೋ, ರಕ್ತ ಕರಗಿದೆಯೋ ಎಂದು ಡಾಕ್ಟರು ಹೋಲಿಸಿ ನೋಡುತ್ತಾರೆ. ತಲೆ ಒಂದೇ ತಾನೆ, ಕೂರದೆ ಏನು ಮಾಡೀತು ಎಂದು ನೀವು ಕೇಳಬಹುದು. ನನ್ನ ಅತ್ತೆಯೂ ಹಾಗೇ ಕೇಳಿದ್ದರು. ಬೆಟಗೇರಿಯ ನೇಕಾರರ ಮನೆಯ ಹೆಂಗಸು, ಮಗ್ಗದ ಮುಂದೆ ಕೂತೇ ಮುದುಕಿಯಾದವರು. ಇದಕ್ಕೂ ಸಂಬಳ ಕೊಡುತ್ತಾರೆಯೇ ಎಂದು ಅವರಿಗೆ ಕೊನೆಯವರೆಗೂ ಆಶ್ಚರ್ಯ.

ಮೊದಲು ಫಿಲ್ಮಿನ ಕಾಲ. ಹಳೆಯದನ್ನೂ ಹೊಸದನ್ನೂ ಟ್ಯೂಬ್‌ಲೈಟಿಗೆ ಹಿಡಿದು, ಆಚೆಗಿಷ್ಟು ಈಚೆಗಿಷ್ಟು ಜರುಗಿಸಿ, ಕತ್ತು ನೋಯುವ ತನಕ ನೋಡುತ್ತಿದ್ದೆವು. ಆಮೇಲೆ ಕಂಪ್ಯೂಟರು ಬಂತು. ಅದರಲ್ಲೊಂದು ಗುಂಡಿ. ಒತ್ತಿದರೆ ಎರಡು ಚಿತ್ರಗಳನ್ನು ತಾನೇ ಹೊಂದಿಸಿ, ‘ಹೊಂದಾಣಿಕೆ ಉತ್ತಮ’ ಎಂಬ ಅರ್ಥದ ಹಸಿರು ಅಕ್ಷರ ತೋರಿಸುತ್ತದೆ. ಈ ಹಸಿರು ಅಕ್ಷರದ ಮೇಲೆ ನಮ್ಮ ಮಾಲೀಕರಿಗೆ ಇದ್ದ ಭಕ್ತಿ ಮನೆದೇವರ ಮೇಲೂ ಇರಲಿಲ್ಲ.

ಯಂತ್ರಕ್ಕೆ ಗೊತ್ತಿಲ್ಲದ್ದು ನಮ್ಮ ಜನರ ಮರ್ಯಾದೆ. ಶಿರಹಟ್ಟಿಯಿಂದ ಒಬ್ಬ ಹಿರಿಯರು ಎಂಆರ್‌ಐಗೆ ಬಂದಿದ್ದರು. ಕೊಳವೆಯೊಳಗೆ ಹೋದ ಮೇಲೆ ಸ್ಪೀಕರಿನಲ್ಲಿ, “ತಲಿ ಅಲುಗಾಡಸಬ್ಯಾಡ್ರಿ, ತಿಳೀತಲ್ರಿ?” ಎಂದೆ. ಹಿರಿಯರು ತಿಳಿಯಿತು ಎಂದು ಜೋರಾಗಿ ತಲೆ ಅಲ್ಲಾಡಿಸಿದರು. ಚಿತ್ರ ಕಲಸಿದ ಮುದ್ದೆಯಾಯಿತು. ಮತ್ತೆ ಹೇಳಿದೆ, ಮತ್ತೆ ಅಷ್ಟೇ ವಿನಯದಿಂದ ತಲೆಯಾಡಿಸಿದರು. ಹೆಣ್ಣುಮಗಳೊಬ್ಬಳು ಇಷ್ಟು ನಯವಾಗಿ ಕೇಳುತ್ತಿರುವಾಗ ಸುಮ್ಮನೆ ಬಿದ್ದುಕೊಂಡಿರಲು ತನಗೇನು ಸೊಕ್ಕೇ ಎಂದು ಹೊರಗೆ ಬಂದ ಮೇಲೆ ನನ್ನನ್ನೇ ಕೇಳಿದರು. ತಪ್ಪು ನನ್ನದೇ, ನಮ್ಮ ಕಡೆಯವರಿಗೆ ಪ್ರಶ್ನೆ ಕೇಳಿ ಉತ್ತರ ಬೇಡ ಅಂದರೆ ಹೇಗೆ? ಅಂದಿನಿಂದ ಸ್ಪೀಕರಿನಲ್ಲಿ ಪ್ರಶ್ನೆ ಕೇಳುವುದನ್ನೇ ಬಿಟ್ಟೆ. ನೀವೂ ಬಿಡಿ.

ಲಕ್ಷ್ಮೇಶ್ವರದ ನಿವೃತ್ತ ಹೆಡ್‌ಮಾಸ್ತರಿಣಿಯೊಬ್ಬರು ತುರುಬು ಬಿಚ್ಚಲು ಒಪ್ಪಲಿಲ್ಲ. ಅಂಥ ತುರುಬಿನ ಮೇಲೆ ತಲೆ ಇಟ್ಟರೆ ಗದ್ದ ಎದೆಗೆ ತಾಗುತ್ತದೆ, ಹಳೆಯ ಚಿತ್ರಕ್ಕೆ ಹೊಸದು ಕೂರುವುದಿಲ್ಲ. ಹೇಳಿದೆ. ನಿಮ್ಮ ಯಂತ್ರಕ್ಕೆ ತುರುಬು ಗೊತ್ತಿಲ್ಲವೆಂದರೆ ಅದನ್ನು ಗೊತ್ತಿರುವವರ ಹತ್ತಿರ ತಯಾರು ಮಾಡಿಸಬೇಕಿತ್ತು ಎಂದು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸುವ ಧಾಟಿಯಲ್ಲಿ ಬೈದರು. ಮಾತು ನ್ಯಾಯವಾದದ್ದೇ. ಆದರೆ ಯಂತ್ರ ತಯಾರಿಸಿದವರು ದೂರದಲ್ಲಿದ್ದರು, ಬೈಸಿಕೊಳ್ಳಲು ಹತ್ತಿರ ಇದ್ದವಳು ನಾನು.

ಇವೆಲ್ಲ ನಗುವ ಮಾತು. ನಗಲಾರದ ಒಂದು ಮಾತಿದೆ. ಅದಕ್ಕೆ ಮೊದಲು ನಮ್ಮ ಸಿಟಿ ಸ್ಕ್ಯಾನ್ ಕೋಣೆಯ ದಿಕ್ಕು ಹೇಳಬೇಕು.

ಕೋಣೆ ಕಟ್ಟುವಾಗ ಮಾಲೀಕರು ವಾಸ್ತು ಪಂಡಿತರನ್ನು ಕರೆಸಿದ್ದರು. ಬಾಗಿಲು ಪೂರ್ವಕ್ಕೆ, ಕ್ಯಾಷ್ ಕೌಂಟರು ಲಕ್ಷ್ಮಿ ಬರುವ ಮೂಲೆಗೆ, ಎಲ್ಲ ಶಾಸ್ತ್ರೋಕ್ತ. ಉಳಿದ ಜಾಗದಲ್ಲಿ ಯಂತ್ರ ಇಟ್ಟರು. ಹಲಗೆಯ ಮೇಲೆ ಮಲಗಿದವರ ತಲೆ ನೇರ ಉತ್ತರಕ್ಕೆ. ಹೆಣವನ್ನು ಮಲಗಿಸುವ ದಿಕ್ಕು! ಪಂಡಿತರು ಅದೊಂದನ್ನು ನೋಡಲಿಲ್ಲ. ಮಲಗುವವರು ಅವರಿಗೆ ದಕ್ಷಿಣೆ ಕೊಡುವವರಲ್ಲವಲ್ಲ.

ಆ ಕೋಣೆಗೆ ಕಿಟಕಿ ಇಲ್ಲ. ಆದರೂ ಶಿಗ್ಲಿಯಿಂದಲೋ ಮುಂಡರಗಿ ಕಡೆಯಿಂದಲೋ ಬಂದವರು ಒಳಗೆ ಕಾಲಿಟ್ಟು ಒಂದು ಸಲ ಸುತ್ತ ನೋಡಿದರೆ ಉತ್ತರ ಯಾವುದು ಎಂದು ಅವರಿಗೆ ಗೊತ್ತಾಗಿಬಿಡುತ್ತಿತ್ತು. ಮಲಗುವುದಿಲ್ಲ ಎಂದು ನಿಂತುಬಿಡುತ್ತಿದ್ದರು. ಮಾಲೀಕರ ಅಪ್ಪಣೆ, ಗಿರಾಕಿ ಹೇಗೆ ಅನ್ನುತ್ತಾರೋ ಹಾಗೆ ಮಾಡಿ ಎಂದು. ಸಿಟಿ ಯಂತ್ರ ಒಂದು ದೊಡ್ಡ ಬಳೆಯ ಹಾಗೆ, ಹಲಗೆ ಅದರೊಳಗೆ ಜಾರುತ್ತದೆ. ಗಿಡ್ಡ ಆಳಾದರೆ ಕಾಲು ಮುಂದೆ ಮಾಡಿ ಮಲಗಿಸಿ, ಇಡೀ ಮೈ ದಾಟಿಸಿದರೂ ತಲೆಯ ಚಿತ್ರ ಬರುತ್ತದೆ. ಹೀಗೆ ತಿರುಗಿಸಿ ಮಲಗಿಸುವುದು ನಮ್ಮಲ್ಲಿ ರೂಢಿಯಾಯಿತು. ಬೇರೆ ಯಾವ ಊರಲ್ಲೂ ಇಂಥ ಚಾಕರಿ ಇರಲಾರದು. ನಿಯಮ ಒಂದೇ. ಕಂಪ್ಯೂಟರಿನ ಪರದೆಯಲ್ಲಿ ಮಲಗಿದ ಮನುಷ್ಯನ ಒಂದು ಪುಟ್ಟ ಗೊಂಬೆ ಇರುತ್ತದೆ. ರೋಗಿಯನ್ನು ತಿರುಗಿಸಿದರೆ ಆ ಗೊಂಬೆಯನ್ನೂ ತಿರುಗಿಸಬೇಕು. ಇಲ್ಲದಿದ್ದರೆ ಎಡ ಯಾವುದು, ಬಲ ಯಾವುದು ಎಂಬುದು ಯಂತ್ರಕ್ಕೆ ತಪ್ಪಾಗಿ ತಿಳಿಯುತ್ತದೆ.

ಡಂಬಳದ ನೀಲವ್ವ ಮನೆಯ ಹಿತ್ತಲಲ್ಲಿ ಜಾರಿ, ಬಟ್ಟೆ ಒಗೆಯುವ ಕಲ್ಲಿಗೆ ತಲೆ ಬಡಿದುಕೊಂಡಿದ್ದರು. ಆಗ ಹುಬ್ಬಳ್ಳಿಗೆ ಹೋಗಿ ಎಂಆರ್‌ಐ ಮಾಡಿಸಿದಾಗ, ಬುರುಡೆಯ ಕೆಳಗೆ ಬಲಗಡೆ ತೆಳ್ಳಗೆ ರಕ್ತ ಕಟ್ಟಿರುವುದು ಕಂಡಿತ್ತು. ತಾನೇ ಕರಗಬಹುದು, ಕಾಯೋಣ ಎಂದು ಗುಳಿಗೆ ಕೊಟ್ಟು ಕಳಿಸಿದ್ದರು. ಕೆಲವು ವಾರಗಳಾದ ಮೇಲೆ ನೀಲವ್ವ ಕೂತಲ್ಲೇ ತೂಕಡಿಸತೊಡಗಿದರು, ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗದೆ ನಿಲ್ಲುತ್ತಿತ್ತು. ಕೈಕಾಲು ಎರಡೂ ಕಡೆ ಒಂದೇ ಸಮ ಸೋತಿದ್ದವು. ಗಂಡ ಫಕ್ಕೀರಪ್ಪನವರು ನಮ್ಮೆದುರಿನ ನರ್ಸಿಂಗ್ ಹೋಮಿಗೆ ತಂದು ಸೇರಿಸಿದರು. ಅಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆ ಮಾಡುವವರು ಡಾಕ್ಟರ್ ಸರೋಜಾ. ಹೊಸದಾಗಿ ಒಂದು ಸಿಟಿ ಸ್ಕ್ಯಾನ್ ನಮ್ಮಲ್ಲಿ ಆಯಿತು.

ಅಂದು ನಾನು ಲಕ್ಷ್ಮೇಶ್ವರದಲ್ಲಿ ಮದುವೆಯ ಊಟ ಮಾಡುತ್ತಿದ್ದೆ. ಸ್ಕ್ಯಾನ್ ಮಾಡಿದ್ದು ನನ್ನ ಸಹೋದ್ಯೋಗಿ ವೀರೇಶ, ಮಾಲೀಕರ ತಂಗಿಯ ಮಗ. ಆ ಅರ್ಹತೆಯನ್ನು ಅವನು ಎಂದೂ ಮರೆಯುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಹುಬ್ಬಳ್ಳಿಯ ಚಿತ್ರದ ಮೇಲೆ ನಮ್ಮ ಚಿತ್ರ ಕೂರಿಸುವ ಕೆಲಸ ನನಗೆ ಬಂತು. ಕೂರಿಸಿದೆ. ಹಸಿರು ಅಕ್ಷರ ಬಂತು. ಬುರುಡೆಗೆ ಬುರುಡೆ, ಮಿದುಳಿಗೆ ಮಿದುಳು ಅಂಟಿಸಿದ ಹಾಗೆ ಕೂತಿತ್ತು. ರಕ್ತ ಮಾತ್ರ ಬಲಗಡೆ ಇದ್ದದ್ದು ಪೂರ್ತಿ ಮಾಯ, ಎಡಗಡೆ ದಪ್ಪಗೆ ಹೊಸದು. ರಿಪೋರ್ಟಿನಲ್ಲಿಯೂ ಹಾಗೇ ಬರೆದಾಗಿತ್ತು. ಮಧ್ಯಾಹ್ನ ಎಡಗಡೆ ಬುರುಡೆ ಕೊರೆದು ರಕ್ತ ತೆಗೆಯುವುದು ಎಂದು ನಿಶ್ಚಯ.

ಸರೋಜಾ ಡಾಕ್ಟರು ಫೋನ್ ಮಾಡಿದರು. “ಕಸ್ತೂರಿ, ಬಲಗಡಿದು ಪೂರಾ ಹೋಗಿ ಎಡಗಡಿ ಇಷ್ಟ ಬರಬೇಕಂದ್ರ ಆಕಿ ಮತ್ತೊಮ್ಮೆ ಬಿದ್ದಿರಬೇಕು. ಬಿದ್ದಿಲ್ಲ ಅಂತಾರ. ನನಗ ಸಮಾಧಾನ ಇಲ್ಲ, ನೀ ಇನ್ನೊಮ್ಮೆ ನೋಡು.”

ನಮ್ಮ ವೃತ್ತಿಯ ಮೊದಲ ಸೂತ್ರ, ದೋಷ ಯಾವಾಗಲೂ ಬೇರೆ ಊರಿನ ಸೆಂಟರಿನಲ್ಲಿರುತ್ತದೆ. ಅದರಂತೆ ಹುಬ್ಬಳ್ಳಿಯವರನ್ನು ಮನಸ್ಸಿನಲ್ಲೇ ಬೈಯುತ್ತ ಅವರ ಡಿಸ್ಕನ್ನು ತಿರುಗಮುರುಗ ನೋಡಿದೆ. ಬೇರೆ ಯಾರದೋ ತಲೆ ಇರಬಹುದೇ ಎಂದರೆ ಬುರುಡೆಯ ಆಕಾರ ಅದೇ. ತಲೆ ಓರೆಯಾಗಿತ್ತೇ ಎಂದು ಸ್ವಲ್ಪ ಸ್ವಲ್ಪ ತಿರುಗಿಸಿ ನೋಡಿದೆ. ರಕ್ತ ಇದ್ದಲ್ಲೇ ಇತ್ತು. ಸಾಫ್ಟ್‌ವೇರ್ ಕಂಪನಿಯ ಎಂಜಿನಿಯರಿಗೆ ಫೋನ್ ಹಚ್ಚಿದೆ. ಕಂಪ್ಯೂಟರು ಆರಿಸಿ ಮತ್ತೆ ಹಚ್ಚಿ ನೋಡಿ ಎಂದ. ಆರಿಸಿ ಹಚ್ಚಿದೆ. ಹಸಿರು ಬಂತೇ ಎಂದ, ಬಂತು ಎಂದೆ. ಹಾಗಾದರೆ ಸಮಸ್ಯೆ ಪರಿಹಾರವಾಯಿತು ಎಂದು ಅಭಿನಂದಿಸಿ ಫೋನ್ ಇಟ್ಟ. ಇಂಥವರ ಜೊತೆ ಮಾತಾಡಿ ಮಾತಾಡಿಯೇ ನನಗೆ ಬಿಪಿ ಬಂದದ್ದು.

ಮಾಲೀಕರು ಬಂದು ಹಿಂದೆ ನಿಂತರು. ಹೋದ ರಿಪೋರ್ಟನ್ನು ವಾಪಸು ಕರೆಯುವುದು ಎಂದರೆ ಅವರಿಗೆ ಮದುವೆಯಾದ ಮಗಳು ಗಂಟುಮೂಟೆ ಕಟ್ಟಿಕೊಂಡು ತವರಿಗೆ ಬಂದಷ್ಟು ಅವಮಾನ. ಹಸಿರು ಬಂದಮೇಲೆ ನಿನ್ನದೇನು ತಕರಾರು, ಕಂಪ್ಯೂಟರಿಗಿಂತ ನೀನು ಹೆಚ್ಚು ಓದಿದ್ದೀಯಾ ಎಂದು ಕೇಳಿದರು. ಕಂಪ್ಯೂಟರಿನ ಓದು ಎಷ್ಟು ಎಂದು ನನಗೆ ಗೊತ್ತಿಲ್ಲ, ಅದಕ್ಕೆ ನಾಚಿಕೆ ಇಲ್ಲ ಎಂಬುದಷ್ಟು ಗೊತ್ತು ಎಂದೆ. ಅವರು ನೀರು ಕುಡಿಯಲು ಹೋದರು.

ಅಷ್ಟರಲ್ಲಿ ಸರೋಜಾ ಡಾಕ್ಟರೇ ರಸ್ತೆ ದಾಟಿ ಬಂದು ನನ್ನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತರು. ಇಬ್ಬರೂ ಒಂದೊಂದೇ ಚಿತ್ರ ಕೆಳಗಿನಿಂದ ನೋಡುತ್ತ ಬಂದೆವು. ತೀರ ಕೆಳಗಿನವುಗಳಲ್ಲಿ, ಮೂಗಿನ ಹತ್ತಿರ, ಬೆಳ್ಳಗೆ ಚುಕ್ಕಿಯೊಂದು ಕಿರಣ ಚೆಲ್ಲುತ್ತಿತ್ತು. ಲೋಹ ಇದ್ದರೆ ಹೀಗಾಗುತ್ತದೆ. ವೀರೇಶ ಮೂಗುಬಟ್ಟು ಸಹ ತೆಗೆಸಿಲ್ಲ ನೋಡಿ ಎಂದು ನಾನು ಗೊಣಗಿದೆ. ಡಾಕ್ಟರು ಗೊಣಗಲಿಲ್ಲ, ಪರದೆಯ ಹತ್ತಿರ ಬಗ್ಗಿದರು.

“ಯಾ ಕಡೆ ಐತಿ ಅದು?”

“ಬಲಗಡೆ,” ಎಂದೆ. ಹೇಳಿದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ನಮ್ಮ ಕಡೆಯ ಹೆಂಗಸರು ಮೂಗುಬಟ್ಟು ಹಾಕುವುದು ಹೆಚ್ಚಾಗಿ ಎಡ ಹೊಳ್ಳೆಗೆ. ಕೂಡಲೇ ರಸ್ತೆ ದಾಟಿ ವಾರ್ಡಿಗೆ ನಡೆದೆವು.

ಅಲ್ಲಿ ಕೂದಲು ತೆಗೆಯುವವನು ನೀಲವ್ವನ ತಲೆಗೆ ನೀರು ಹಚ್ಚುತ್ತಿದ್ದ. ಎಡಗಡೆಗೆ. ಡಾಕ್ಟರು ಅವನನ್ನು ಪಕ್ಕಕ್ಕೆ ಸರಿಸಿದರು. ನೀಲವ್ವ ಅರೆನಿದ್ರೆಯಲ್ಲಿದ್ದರು. ಮೂಗುಬಟ್ಟು ಎಡ ಹೊಳ್ಳೆಯಲ್ಲಿ ಮಿನುಗುತ್ತಿತ್ತು. ಬಲ ಹೊಳ್ಳೆಯಲ್ಲಿ ತೂತೇ ಇರಲಿಲ್ಲ. ಹುಬ್ಬಳ್ಳಿಯಲ್ಲಿ ಎಂಆರ್‌ಐಗೆ ಅಂತ ಬಿಚ್ಚಿಸಿದ್ದರಂತೆ. ಗಂಡ ಬದುಕಿರುವಾಗ ಮೂಗು ಬರಿದಾಯಿತಲ್ಲ ಎಂದು ನೀಲವ್ವ ಅತ್ತು, ಹೊರಗೆ ಬಂದ ಕೂಡಲೇ ಮತ್ತೆ ಹಾಕಿಸಿಕೊಂಡಿದ್ದರಂತೆ. ನಮ್ಮಲ್ಲಿ ಯಾರೂ ಬಿಚ್ಚಿಸಲಿಲ್ಲ. ವೀರೇಶನ ಸೋಮಾರಿತನಕ್ಕೆ ನಾನು ಕೃತಜ್ಞಳಾದದ್ದು ಅದೊಂದೇ ಸಲ.

ಅವನನ್ನು ಕರೆಸಿ ಕೇಳಿದಾಗ ನಡೆದದ್ದು ಹೊರಬಿತ್ತು. ಫಕ್ಕೀರಪ್ಪನವರು ಉತ್ತರಕ್ಕೆ ತಲೆ ಹಾಕಿಸಲು ಒಪ್ಪಲಿಲ್ಲ. ನೀಲವ್ವ ಗಿಡ್ಡ ಆಳು, ವೀರೇಶ ತಿರುಗಿಸಿ ಮಲಗಿಸಿದ. ಪರದೆಯ ಗೊಂಬೆಯನ್ನು ತಿರುಗಿಸುವುದು ಮರೆತ. ಚಿತ್ರ ತಲೆಕೆಳಗಾಗಿ ಬಂತು. ಆಗಲಾದರೂ ಯೋಚಿಸಬೇಕಿತ್ತು. ಅವನು ಯೋಚಿಸುವ ಬದಲು ಮೇಲೆಕೆಳಗೆ ಮಗುಚುವ ಗುಂಡಿ ಒತ್ತಿದ.

“ನೆಟ್ಟಗಾತಲ್ರಿ ಅಕ್ಕಾರ,” ಎಂದ, ಇನ್ನೇನು ಬೇಕಿತ್ತು ಎಂಬಂತೆ.

ನೆಟ್ಟಗಾಯಿತು. ಹೊಸಬರು ಇದೊಂದನ್ನು ಮಾತ್ರ ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಹೆಂಚಿನ ಮೇಲಿನ ರೊಟ್ಟಿಯನ್ನು ಅಲ್ಲೇ ಸುತ್ತ ತಿರುಗಿಸುವುದು ಬೇರೆ, ಮಗುಚಿ ಹಾಕುವುದು ಬೇರೆ. ತಲೆಕೆಳಗಾದ ಚಿತ್ರವನ್ನು ತಿರುಗಿಸಿದ್ದರೆ ಎಡಬಲವೂ ಜೊತೆಗೇ ತಿರುಗಿ ತಮ್ಮ ಜಾಗಕ್ಕೆ ಬರುತ್ತಿದ್ದವು. ಮಗುಚಿದರೆ ತಲೆ ಮೇಲೆ ಬರುತ್ತದೆ, ಎಡಬಲ ಮಾತ್ರ ಅದಲುಬದಲಾಗಿಯೇ ಉಳಿಯುತ್ತವೆ, ಕನ್ನಡಿಯಲ್ಲಿ ನೋಡಿದ ಹಾಗೆ. ಮಿದುಳು ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಥರ ಇರುವುದರಿಂದ ಕನ್ನಡಿಯ ಮಿದುಳನ್ನೂ ಕಂಪ್ಯೂಟರು ಸಂತೋಷದಿಂದ ಕೂರಿಸಿ ಹಸಿರು ತೋರಿಸುತ್ತದೆ. ಅದು ಕೇಳುವುದು ಹೊಂದುತ್ತದೆಯೇ ಎಂದು ಮಾತ್ರ. ಖರೆಯೇ ಎಂದು ಕೇಳುವವರು ನಾವು.

ಈಗಲೇ ಎಡಬಲ ತಿದ್ದಿ ಹೊಸ ರಿಪೋರ್ಟ್ ಕೊಟ್ಟರಾಯಿತು ಎಂದು ಮಾಲೀಕರು ಅಂದರು. ಸರೋಜಾ ಡಾಕ್ಟರು ಅವರ ಕಡೆ ತಿರುಗಿಯೂ ನೋಡಲಿಲ್ಲ.

“ಮೂಗುಬಟ್ಟು ನಂಬಿ ನಾ ಬುರುಡಿ ಕೊರಿಯೂದಿಲ್ಲ. ಇನ್ನೊಮ್ಮೆ ಸ್ಕ್ಯಾನ್ ಮಾಡ್ರಿ. ತಲಿ ಮುಂದ ಮಾಡೇ ಮಲಗಸ್ರಿ. ನಾ ಎದುರಿಗಿ ನಿಂದರ್ತೀನಿ.”

ತಡ ಮಾಡುವ ಹಾಗಿರಲಿಲ್ಲ. ನೀಲವ್ವ ಕರೆದರೆ ಕಣ್ಣು ತೆರೆಯುವುದಕ್ಕೂ ಹೊತ್ತು ತೆಗೆದುಕೊಳ್ಳುತ್ತಿದ್ದರು. ಸ್ಟ್ರೆಚರ್ ಕೋಣೆಗೆ ಬಂತು. ಫಕ್ಕೀರಪ್ಪನವರು ಬಾಗಿಲಲ್ಲಿ ಅಡ್ಡ ನಿಂತರು. ತನ್ನ ಅಪ್ಪನನ್ನೂ ಅಣ್ಣನನ್ನೂ ಉತ್ತರಕ್ಕೆ ತಲೆ ಮಾಡಿ ಮಲಗಿಸಿದ್ದು ಇದೇ ಕೈ, ಉಸಿರಾಡುವ ಹೆಂಡತಿಯನ್ನು ಹಾಗೆ ಮಲಗಿಸಲಾರೆ ಎಂದರು. ನನಗೆ ಸಿಟ್ಟು ಬಂತು. ಇವರು ತಿರುಗಿಸಿದ್ದಕ್ಕೇ ಎಲ್ಲವೂ ತಿರುಗಿ ಕೂತದ್ದು ಎಂದು ಬಾಯಿಗೆ ಬಂದದ್ದನ್ನು ಹೇಗೋ ನುಂಗಿಕೊಂಡೆ. ತಿರುಗಿಸಿದ್ದು ಅವರಲ್ಲ, ನಾವು. ಅವರು ಬೇಡಿದ್ದು ಹೆಂಡತಿಯ ಜೀವ, ನಾವು ಮಾಡಿದ್ದು ಗಿರಾಕಿಯ ಮರ್ಜಿ.

ಸರೋಜಾ ಡಾಕ್ಟರು ಅವರನ್ನು ಬೆಂಚಿನ ಮೇಲೆ ಕೂರಿಸಿ, ತಮ್ಮ ತಲೆಯ ಮೇಲೆ ಎರಡೂ ಕಡೆ ಕೈಯಿಟ್ಟು ತೋರಿಸುತ್ತ ತಿಳಿಸಿ ಹೇಳಿದರು. ರಕ್ತ ಇರುವುದು ಒಂದು ಕಡೆ, ನಾವು ಕೊರೆಯಲು ಹೊರಟಿದ್ದು ಇನ್ನೊಂದು ಕಡೆ ಇರಬಹುದು. ಹೀಗೆ ಮಲಗಿಸಿ ನೋಡಿದರೆ ಅನುಮಾನಕ್ಕೆ ಜಾಗ ಉಳಿಯುವುದಿಲ್ಲ. ಫಕ್ಕೀರಪ್ಪನವರು ಹೆಂಡತಿಯನ್ನು ನೋಡಿದರು, ಯಂತ್ರವನ್ನು ನೋಡಿದರು. ಆಮೇಲೆ ತಲೆಯ ರುಮಾಲು ತೆಗೆದು ನನ್ನ ಕೈಗೆ ಕೊಟ್ಟರು.

“ಮೊದಲ ನಾ ಮಲಗ್ತೀನಿ ಯವ್ವಾ. ಉತ್ತರಕ್ಕ ತಲಿ ಹಾಕಿದವರನ್ನ ಒಯ್ಯಾಕ ಯಾವನರ ಬಂದ್ರ, ಅವಂಗ ಮೊದಲ ನಾ ಸಿಗಬೇಕು.”

ಹೇಳಿದವರು ಹಲಗೆ ಹತ್ತಿ, ಉತ್ತರಕ್ಕೆ ತಲೆಯಿಟ್ಟು, ಕೈ ಎದೆಯ ಮೇಲೆ ಜೋಡಿಸಿ ಕಣ್ಣು ಮುಚ್ಚಿಕೊಂಡರು.

ಎಲ್ಲರಿಗೂ ಒಂದು ಕೊಂಕು ಇಟ್ಟುಕೊಂಡೇ ಬದುಕಿದವಳು ನಾನು. ಅವರಿಗೆ ಕೊಡಲು ನನ್ನ ಹತ್ತಿರ ಒಂದೂ ಇರಲಿಲ್ಲ. ಅಷ್ಟು ಅವಸರದಲ್ಲೂ ಅವರನ್ನು ಯಾರೂ ಏಳಿಸಲಿಲ್ಲ. ಕ್ಷಣಹೊತ್ತು ಮಲಗಿದ್ದು, ಯಾರೂ ತನ್ನನ್ನು ಒಯ್ಯಲು ಬರಲಿಲ್ಲ ಎಂದು ಖಾತ್ರಿಯಾದ ಮೇಲೆ ಅವರೇ ಎದ್ದು, “ಈಗ ಆಕೀನ ಮಲಗಸ್ರಿ,” ಎಂದರು.

ನೀಲವ್ವನನ್ನು ಮಲಗಿಸಿ ಗದ್ದಕ್ಕೆ ಪಟ್ಟಿ ಕಟ್ಟಿದೆ. ಪರದೆಯ ಗೊಂಬೆಯನ್ನು ನಾನೂ ನೋಡಿದೆ, ಡಾಕ್ಟರೂ ನೋಡಿದರು. ಫಕ್ಕೀರಪ್ಪನವರು ಸೀಸದ ಏಪ್ರನ್ ಹಾಕಿಕೊಂಡು ಹೆಂಡತಿಯ ಪಾದ ಹಿಡಿದು ನಿಂತರು. ಚಿತ್ರಗಳು ಒಂದೊಂದಾಗಿ ಬಂದವು. ಮೂಗುಬಟ್ಟು ಎಡಕ್ಕೆ. ರಕ್ತ ಬಲಕ್ಕೆ. ಹುಬ್ಬಳ್ಳಿಯ ಚಿತ್ರದ ಮೇಲೆ ಕೂರಿಸಿದೆ. ಹಳೆಯ ತೆಳು ರಕ್ತ ಇದ್ದ ಜಾಗದಲ್ಲೇ ಹೊಸದು ದಪ್ಪಗೆ ಕೂತಿತ್ತು. ಹಸಿರು ಅಕ್ಷರ ಬೆಳಿಗ್ಗೆ ಬಂದಷ್ಟೇ ಠೀವಿಯಿಂದ ಮತ್ತೆ ಬಂತು.

ಮಧ್ಯಾಹ್ನ ಬಲಗಡೆ ಆಪರೇಷನ್ ಆಯಿತು. ಸಂಜೆಯ ಹೊತ್ತಿಗೆ ನೀಲವ್ವ ಗಂಡನ ಹೆಸರು ಹೇಳಿ, ಎಲ್ಲಿ ಹೋದರು ಎಂದು ಕೇಳಿದರೆಂದು ಡಾಕ್ಟರು ಫೋನ್ ಮಾಡಿ ತಿಳಿಸಿದರು. ಗಂಡನ ಹೆಸರು ಬಾಯಿಬಿಟ್ಟು ಹೇಳುವ ಪೈಕಿ ಅಲ್ಲ ಅವರು. ಅದಕ್ಕೆ ಫಕ್ಕೀರಪ್ಪನವರು ಇನ್ನೂ ತಲೆ ಸರಿಯಾಗಿಲ್ಲವೆಂದು ಗಾಬರಿಯಾಗಿದ್ದರಂತೆ.

ನಮ್ಮಲ್ಲಿ ಆದ ಸುಧಾರಣೆಯನ್ನೂ ಹೇಳಬೇಕು. ಮಾಲೀಕರು ಕೋಣೆಯ ಗೋಡೆಗೆ ‘ಇಲ್ಲಿ ದಿಕ್ಕು ಕೇಳಬಾರದು’ ಎಂಬ ಬೋರ್ಡು ಹಾಕಿಸಿದರು. ಬೋರ್ಡು ಓದಿದ ಮೇಲೆ, ಅಲ್ಲಿಯವರೆಗೆ ದಿಕ್ಕು ಕೇಳದವರೂ ಕೇಳತೊಡಗಿದರು. ವೀರೇಶ ಈಗ ಸೆಂಟರಿನ ಮುಖ್ಯಸ್ಥ. ನಾನು ಮಾಡಿಕೊಂಡ ಸುಧಾರಣೆ ಸಣ್ಣದು. ಎಂಆರ್‌ಐಗೆ ಬಂದವರ ಹಣೆಯ ಬಲಬದಿಗೆ ಒಂದು ಮೀನೆಣ್ಣೆ ಗುಳಿಗೆ ಅಂಟಿಸುತ್ತಿದ್ದೆ. ಚಿತ್ರದಲ್ಲಿ ಅದು ಬೆಳ್ಳಗೆ ಕಾಣುತ್ತದೆ, ಯಾರು ಎಷ್ಟು ಮಗುಚಿದರೂ ಬಲ ಯಾವುದೆಂದು ತಿಳಿಯುತ್ತದೆ. ನೀವೂ ಅಂಟಿಸಿ. ಒಳಗೆ ಏನಿದೆ ಎಂದು ಮಡಿವಂತರಿಗೆ ಹೇಳಲು ಹೋಗಬೇಡಿ. ಸಿಟಿಗೆ ಬಂದವರ ಬಲ ಹೆಗಲ ಮೇಲೆ ಕೈಯಿಟ್ಟು, ‘ಬಲ’ ಎಂದು ಬಾಯಿಬಿಟ್ಟು ಹೇಳಿ, ಆಮೇಲೆ ಗೊಂಬೆ ನೋಡಿ. ತಿರುಗಿಸಿ ಮಲಗಿಸುವುದನ್ನು ನಾನು ಇದ್ದಷ್ಟು ದಿನ ಮತ್ತೆ ಮಾಡಲು ಬಿಡಲಿಲ್ಲ. ಗಿರಾಕಿ ಸಿಟ್ಟಾಗಿ ಎದ್ದುಹೋದರೂ ಸರಿ.

ನೀಲವ್ವ ಮತ್ತೆ ತೋರಿಸಿಕೊಳ್ಳಲು ಬಂದಾಗ ತಲೆಯ ಬಲಗಡೆ ಕೂದಲು ಉಣ್ಣೆ ಕತ್ತರಿಸಿದ ಕುರಿಯ ಹಾಗೆ ಗಿಡ್ಡಗೆ ಬೆಳೆದಿತ್ತು. ಸೆರಗು ಹೊದ್ದು ತಾವೇ ನಡೆದುಕೊಂಡು ಒಳಗೆ ಬಂದರು. ಹಿಂದೆ ಫಕ್ಕೀರಪ್ಪನವರು ಚೀಲ ಹಿಡಿದಿದ್ದರು. ಉತ್ತರಕ್ಕೇ ತಲೆ ಬರುತ್ತದೆ, ನಡೆಯುತ್ತದೆಯೇ ಎಂದು ನಾನು ಕೇಳಿದೆ.

“ತಿಳವಳಿಕಿ ಬಂದಾಗಿಂದ ದಕ್ಷಿಣಕ್ಕ ತಲಿ ಹಾಕಿ ಮಲಗೀನಿ ಯವ್ವಾ,” ಎಂದರು ನೀಲವ್ವ. “ಏನ ಸಿಕ್ತು ನನಗ? ಒಮ್ಮೆ ಉತ್ತರಕ್ಕ ಹಾಕಿದೆ, ಜೀವ ಉಳೀತು.”

ಫಕ್ಕೀರಪ್ಪನವರು ಚೀಲ ಕೆಳಗಿಟ್ಟರು. “ಯಾಕ, ನಾ ಸಿಕ್ಕಿಲ್ಲೇನು?”

“ಅದನ್ನ ನಾನೂ ಹೇಳಾಕತ್ತೀನಿ,” ಎಂದು ನನಗೆ ಹೇಳಿ, ನೀಲವ್ವ ಹಲಗೆ ಹತ್ತಲು ಗಂಡನ ಕಡೆ ಕೈ ಚಾಚಿದರು.